ಒರೆಸಿದ ಎದೆ

ಹಲ್ಲುನೋವು ಎಂದು ಆಫೀಸಿಗೆ ಫೋನು ಮಾಡಿ ಬೂತಿನಿಂದ ಹೊರಗೆ ಬರುವಷ್ಟರಲ್ಲಿ ಅಂಜನಮೂರ್ತಿಗೆ ಬಲಗಡೆಯ ದವಡೆ ನಿಜವಾಗಿಯೇ ಸಣ್ಣಗೆ ಸೆಳೆಯತೊಡಗಿತ್ತು. ನಾಲಿಗೆಯ ತುದಿಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಎಲ್ಲವೂ ಗಟ್ಟಿಯಾಗಿದ್ದವು. "ರೆಸ್ಟ್ ತಗೊಳ್ಳಿ ಡಾಕ್ಟ್ರೇ, ಸಂಜೆ ಕೊರಿಯರ್‌ಗೆ ಮಾಸ್ಟರ್ ಸೀಡಿ ಕಳಿಸೋದೊಂದೇ ಬಾಕಿ. ನಿಮ್ಮ ಕೆಲಸ ಅಂತೂ ಯಾವತ್ತೋ ಮುಗಿದಿದೆ" ಎಂದಿದ್ದರು ಆನಂದ್ ಸರ್. ಆ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಸುಳ್ಳು ರಜೆ ಹಾಕದವನ ಮಾತನ್ನು ಯಾರಾದರೂ ಯಾಕೆ ಅನುಮಾನಿಸುತ್ತಾರೆ? ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನವಳು ಆಗತಾನೆ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ದಿನವೂ ಇದೇ ಹೊತ್ತಿಗೆ ಇದೇ ರಸ್ತೆಯಲ್ಲಿ ಇಂದಿರಾನಗರದ ಕಡೆಗೆ ನಡೆದು ಹೋಗುವವನು ಇವತ್ತು ಶಿವಾಜಿನಗರದ ಬಸ್ಸಿಗೆ ಕಾಯುತ್ತ ನಿಂತದ್ದನ್ನು ಯಾರಾದರೂ ನೋಡಿಯಾರು ಎಂದು ಅವನು ಕಂಬದ ಹಿಂದಕ್ಕೆ ಸರಿದ. ಸರಿದ ಮೇಲೆ, ಕಂಬದ ಹಿಂದೆ ನಿಂತವನೇ ಹೆಚ್ಚು ಕಣ್ಣಿಗೆ ಬೀಳುತ್ತಾನೆ ಅನ್ನಿಸಿ ಮತ್ತೆ ಮುಂದಕ್ಕೆ ಬಂದ.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕಿಟಕಿಯ ಗಾಜಿನ ಮೇಲೆ ಧೂಳು ಕೂತಿತ್ತು. ಅವನ ಬೆರಳು ತಾನೇ ತಾನಾಗಿ ಅದನ್ನು ಒರೆಸಲು ಹೋಯಿತು; ಹೋದ ಬೆರಳನ್ನು ಅವನು ಹಿಂದಕ್ಕೆಳೆದು ಮುಷ್ಟಿಯೊಳಗೆ ಮಡಚಿಟ್ಟುಕೊಂಡ. ನಿನ್ನೆ ಸಂಜೆ ಆಫೀಸಿನ ಮಹಡಿಯಿಂದ ಭವ್ಯ ಇಂಟರ್‌ಕಾಮ್ ಮಾಡಿರದಿದ್ದರೆ ಈ ಬೆರಳು ಇವತ್ತೂ ನೆಮ್ಮದಿಯಾಗಿ ಇರುತ್ತಿತ್ತು. ಅವರ ಕಂಪನಿ ಪರದೇಶದ ಪ್ರಕಾಶಕರ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಓದುವ ಹಾಗೆ ಸೀಡಿಗೆ ಇಳಿಸಿಕೊಡುತ್ತಿತ್ತು. ಮಹಡಿಯ ಮೇಲೆ ಅಕ್ಷರದವರು, ಕೆಳಗೆ ಚಿತ್ರದವರು. ಚಿತ್ರದವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಅಕ್ಷರದವರು ಚಿತ್ರಗಳನ್ನು ಕೊನೆಯ ವಾರದಲ್ಲಿ, ಎಲ್ಲ ಒಂದು ಕಡೆ ಸೇರಿದ ಮೇಲಷ್ಟೇ ನೋಡುತ್ತಿದ್ದರು. ಹಾಗಾದರೆ ಕೆಲಸ ಬೇಗ ಸಾಗುತ್ತದೆಂದು ಆನಂದ್ ಸರ್ ನಂಬಿಕೆ. ಈ ಸಲದ್ದು ಡಾಕ್ಟರಿಕೆ ಓದುವವರಿಗೆ ಎದೆಯ ಎಕ್ಸ್‌ರೇ ನೋಡುವುದನ್ನು ಕಲಿಸುವ ಸೀಡಿ. ಎಕ್ಸ್‌ರೇಗಳ ಫೋಟೋ ಪ್ರತಿಗಳು ಇಂಗ್ಲೆಂಡಿನಿಂದ ಪೆಟ್ಟಿಗೆಯಲ್ಲಿ ಬಂದಿದ್ದವು. ಅವನ್ನು ಸ್ಕ್ಯಾನ್ ಮಾಡಿ, ಧೂಳು, ಗೀರು, ಬೆರಳಿನ ಗುರುತುಗಳನ್ನು ತೆಗೆದು ಕೊಡುವುದು ಅಂಜನಮೂರ್ತಿಯ ವಿಭಾಗದ ಕೆಲಸ.

"ಅಂಜನ್ ಸರ್, ಒಂದ್ ಡೌಟು" ಎಂದಿದ್ದಳು ಭವ್ಯ. "ಈ ಎಕ್ಸ್‌ರೇ ಪ್ಲೇಟ್ ಕೆಳಗಿರೋ ಕ್ಯಾಪ್ಷನ್ ನೋಡಿದ್ರೆ, ಎರಡೂ ಲಂಗ್ಸ್ ತುಂಬಾ ಮಿಲೆಟ್ ಕಾಳಿನ ಥರ ಸಣ್ಣ ಚುಕ್ಕೆಗಳು ಹರಡಿವೆ, ಇದು ಟೀಬಿ ರಕ್ತದಲ್ಲಿ ಸೇರಿದಾಗ ಕಾಣೋದು, ಅಂತಿದೆ. ಮಿಲೆಟ್ ಅಂದ್ರೆ ನಮ್ಮ ರಾಗಿ ಥರ ತಾನೆ? ಚಿತ್ರದಲ್ಲಿ ಒಂದೂ ಕಾಣ್ತಾ ಇಲ್ಲ. ಬೇರೆ ಫಿಗರ್ ಬಂದ್ಬಿಟ್ಟಿದ್ಯಾ?"

ಅವನಿಗೆ ಮೊದಲು ನೆನಪಾದದ್ದು ತನ್ನ ಬೆನ್ನು. ಆ ಪ್ಲೇಟಿನ ಮುಂದೆ ಕೂತು ಬೆನ್ನು ಹಿಡಿದುಕೊಂಡದ್ದು. ಆಮೇಲೆ ನೆನಪಾದದ್ದು ಹೆಮ್ಮೆ. ಇಡೀ ಪೆಟ್ಟಿಗೆಯಲ್ಲಿ ಅಷ್ಟು ಧೂಳು ಹಿಡಿದ ಪ್ರತಿ ಇನ್ನೊಂದಿರಲಿಲ್ಲ. ಬೇರೆಯವರಾಗಿದ್ದರೆ ಇಡೀ ಚಿತ್ರವನ್ನೇ ಒಂದು ಸಲ ಮಸುಕು ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು. ಅವನು ಒಂದೊಂದು ಚುಕ್ಕೆಯನ್ನೂ ಬಿಡಿಬಿಡಿಯಾಗಿ ತೆಗೆದಿದ್ದ. ಪಕ್ಕದಲ್ಲಿ ಚೆನ್ನಾಗಿರುವ ಜಾಗದಿಂದ ಒಂದು ಚೂರು ಎತ್ತಿಕೊಂಡು ಚುಕ್ಕೆಯ ಮೇಲೆ ಒತ್ತುವುದು, ಮತ್ತೆ ಎತ್ತಿಕೊಳ್ಳುವುದು, ಒತ್ತುವುದು. ಪಕ್ಕೆಲುಬಿನ ನೆರಳು ಕೆಡದ ಹಾಗೆ. ಮುಗಿಸಿದಾಗ ಆನಂದ್ ಸರ್ ಅವನ ಭುಜ ಹಿಡಿದುಕೊಂಡು, ಮೊದಲಿನ ಪ್ರತಿಯನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು ಎಲ್ಲರನ್ನೂ ಕರೆದು ತೋರಿಸಿದ್ದರು. ಅವನಿಗೆ ಡಾಕ್ಟರ್ ಎಂಬ ಹೆಸರು ಬಿದ್ದದ್ದು ಆವತ್ತೇ.

"ಫಿಗರ್ ಸರಿಯಾಗೇ ಇದೆ ಭವ್ಯ" ಎಂದಿದ್ದ ಅವನು. ಯೋಚಿಸುವ ಮೊದಲೇ ಮಾತು ಹೊರಗೆ ಬಂದಿತ್ತು. "ನಿಮ್ಮ ಮಾನಿಟರ್‌ದೇ ಪ್ರಾಬ್ಲಮ್. ಬ್ರೈಟ್‌ನೆಸ್ ಜಾಸ್ತಿ ಇಟ್ಕೊಂಡಿದೀರ."

"ಓ, ಸಾರಿ ಸರ್." ಆ ತುದಿಯಲ್ಲಿ ಅವಳು ಗುಂಡಿ ತಿರುಗಿಸಿರಬೇಕು. ಆಮೇಲೆ, "ಹೌದು ಸರ್. ಈಗ ಸ್ವಲ್ಪ ಸ್ವಲ್ಪ ಕಾಣ್ತಾ ಇದೆ" ಎಂದಿದ್ದಳು.

ರಾತ್ರಿಯಿಡೀ ಅವನನ್ನು ತಿಂದದ್ದು ಆ ಮಾತು. ಈಗ ಸ್ವಲ್ಪ ಸ್ವಲ್ಪ ಕಾಣ್ತಾ ಇದೆ. ಹಾಗೆಯೇ ಎಲ್ಲಿಯೋ ಒಂದು ಊರಿನಲ್ಲಿ ಕನ್ನಡಕ ಹಾಕಿದ ಒಬ್ಬ ವಿದ್ಯಾರ್ಥಿ ಪರದೆಯ ಮುಂದೆ ಕೂತು, ಕೆಳಗಿನ ಸಾಲನ್ನು ಓದಿ, ಮೇಲಿನ ಚಿತ್ರದಲ್ಲಿ ಚುಕ್ಕೆಗಳನ್ನು ಹುಡುಕುತ್ತಾನೆ. ಕಾಣುವುದಿಲ್ಲ. ಪುಸ್ತಕ ತಪ್ಪಿರಬಹುದೆಂದು ಅವನಿಗೆ ಹೊಳೆಯುವುದೇ ಇಲ್ಲ. ತನ್ನ ಕಣ್ಣೇ ಸಾಲದು ಎಂದುಕೊಂಡು, ಪಕ್ಕದವನು ಕಾಣಿಸಿತಾ ಎಂದು ಕೇಳಿದರೆ ಕಾಣಿಸಿತು ಎನ್ನುತ್ತಾನೆ. ಮುಂದೆ ಅವನು ಡಾಕ್ಟರಾಗಿ, ನಿಜವಾದ ಚುಕ್ಕೆಗಳಿರುವ ಎದೆಯೊಂದು ಅವನ ಮುಂದೆ ಬಂದಾಗ? ಅಂಜನಮೂರ್ತಿಗೆ ಹಾಗೆ ಯೋಚಿಸುತ್ತ ಹೋಗುವುದು ಚಿಕ್ಕಂದಿನಿಂದ ರೂಢಿ. ಹಲಸೂರಿನ ಸಂಜೆ ಕಾಲೇಜಿನಲ್ಲಿ ಬೀಕಾಂ ಓದುವಾಗಲೂ, ಪರೀಕ್ಷೆ ಬರೆದು ಬಂದ ಮೇಲೆ, ರಿಜಿಸ್ಟರ್ ನಂಬರನ್ನು ತಪ್ಪು ಬರೆದಿರಬಹುದೆಂದೂ ತನ್ನಿಂದಾಗಿ ಆ ನಂಬರಿನ ಇನ್ನೊಬ್ಬನು ನಪಾಸಾಗಬಹುದೆಂದೂ ಎಷ್ಟೋ ರಾತ್ರಿ ಹೊರಳಾಡಿದ್ದ. ಆಗೆಲ್ಲ ಅವ್ವ ಪಟಾಲಮ್ಮ, "ಆಗ್ದಿರೋದ್ನೆಲ್ಲ ಎಳ್ಕೊಂಡು ಮೈಮೇಲೆ ಹಾಕ್ಕೊಂತೀಯ ಕಣ್ಲಾ" ಎನ್ನುತ್ತಿದ್ದಳು. ಇದು ಆಗಿಬಿಟ್ಟಿತ್ತು. ಆಗಿರುವುದನ್ನು ಮೈಮೇಲೆ ಹಾಕಿಕೊಳ್ಳುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಲಸೂರು ಕೆರೆಯ ಹತ್ತಿರ ಬಸ್ಸು ನಿಂತಿತು. ಮುಂದೆ ಏನೋ ಅಡ್ಡ ಬಂದಿತ್ತು. ಕಂಡಕ್ಟರು ಇಳಿದು ಹೋಗಿ ತಮಿಳಿನಲ್ಲಿ ಯಾರಿಗೋ ಬೈಯುತ್ತಿದ್ದ. ಮೂಲ ಸ್ಕ್ಯಾನ್ ಇದ್ದಿದ್ದರೆ ಇದೊಂದು ದೊಡ್ಡ ವಿಷಯವೇ ಅಲ್ಲ. ತೆಗೆದು ಹಾಕಿ, ಫೈಲು ಬದಲಾಯಿಸಿದರೆ ಮುಗಿಯಿತು. ಆದರೆ ಹೋದ ವಾರ ಸರ್ವರಿನಲ್ಲಿ ಜಾಗ ಸಾಲುತ್ತಿಲ್ಲ ಎಂದು ಆನಂದ್ ಸರ್ ಎಲ್ಲರಿಗೂ ಹೇಳಿದಾಗ, ಒಬ್ಬರೂ ಕೂತಲ್ಲಿಂದ ಏಳದಿದ್ದಾಗ, ತನ್ನ ವಿಭಾಗದ ಹಳೆಯ ಸ್ಕ್ಯಾನುಗಳನ್ನೆಲ್ಲ ಅಳಿಸಿ ಚೊಕ್ಕಟ ಮಾಡಿ ಮನೆಗೆ ಹೋದವನು ಅವನೊಬ್ಬನೇ. ಫೋಟೋಗಳ ಪೆಟ್ಟಿಗೆ ಅದಕ್ಕೂ ಮೊದಲೇ ಇಂಗ್ಲೆಂಡಿಗೆ ವಾಪಸಾಗಿತ್ತು. ಮತ್ತೆ ತರಿಸಬೇಕೆಂದರೆ ಆನಂದ್ ಸರ್ ಅಲ್ಲಿಗೆ ಬರೆದು, ನಾವು ನಿಮ್ಮ ರೋಗಿಯ ರೋಗವನ್ನು ಧೂಳೆಂದುಕೊಂಡು ಒರೆಸಿದೆವು ಎಂದು ಹೇಳಬೇಕು. ಕಂಪನಿಗೆ ಇದು ಮೊದಲ ದೊಡ್ಡ ಕೆಲಸ. ಇದು ಚೆನ್ನಾಗಿ ಆದರೆ ಇಡೀ ಸರಣಿ ನಮಗೇ ಎಂದು ಆನಂದ್ ಸರ್ ದಿನಕ್ಕೊಮ್ಮೆ ಹೇಳುತ್ತಿದ್ದರು. ಹೇಳದೆ ಇರುವುದಕ್ಕೆ ಒಂದೇ ಒಂದು ದಾರಿ ಉಳಿದಿತ್ತು. ಆ ಪ್ಲೇಟಿನ ಒರೆಸದ ಪ್ರತಿಯೊಂದು ಕಂಪನಿಯ ಹೊರಗೆ ಇತ್ತು. ಅದನ್ನು ಹೊರಗೆ ಕೊಟ್ಟವನೂ ಅವನೇ.

ಕಂಪನಿಯವರೇ ಹಲಸೂರಿನಲ್ಲಿ ಸಂಜೆ ತರಗತಿ ನಡೆಸುತ್ತಿದ್ದರು. ಎಲೆಕ್ಟ್ರಾನಿಕ್ ಪಬ್ಲಿಷಿಂಗ್ ಕಲಿಸುವ ತರಗತಿ. ಕಲಿತವರಲ್ಲಿ ಒಳ್ಳೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಈ ಉದ್ಯೋಗಕ್ಕೆ ಬೇಕಾದ ಕೌಶಲಗಳು ಯಾವುವು ಎಂದು ಕರಪತ್ರಕ್ಕೆ ಬರೆದುಕೊಡಿ ಎಂದು ಆನಂದ್ ಸರ್ ಕೇಳಿದಾಗ ಅಂಜನಮೂರ್ತಿ ಮನೆಯಲ್ಲಿ ಕೂತು ಹರಿದು ಹರಿದು ಬರೆದಿದ್ದ. ಬೆರಳಿನ ವೇಗ, ಸ್ಕ್ಯಾನರಿನ ಪರಿಚಯ, ಬಣ್ಣದ ತಿಳಿವಳಿಕೆ, ಹೇಳಿದ ಹೊತ್ತಿಗೆ ಮುಗಿಸುವ ಶಿಸ್ತು. ಎಲ್ಲಕ್ಕಿಂತ ಮೇಲೆ, ಕೊಳೆಯನ್ನು ಕಾಣಬಲ್ಲ ಕಣ್ಣು. ಆ ಸಾಲನ್ನು ಓದಿ ಆನಂದ್ ಸರ್, "ವಾಹ್, ಇದು ನಿಮ್ದೇ ಫೋಟೋ ಕಣ್ರೀ" ಎಂದಿದ್ದರು. ತಿಂಗಳ ಹಿಂದೆ ಆ ತರಗತಿಯವರಿಗೆ ಪರೀಕ್ಷೆ ಇಟ್ಟಾಗ ಅವನು ಆರಿಸಿದ್ದು ಇದೇ ಪ್ಲೇಟನ್ನು, ಒರೆಸುವ ಮೊದಲಿನ ಸ್ಕ್ಯಾನನ್ನು. ಎಲ್ಲರೂ ಒರೆಸಿದರು, ಕೆಲವರು ಒರಟಾಗಿ, ಕೆಲವರು ನಾಜೂಕಾಗಿ. ಶಿವಾಜಿನಗರದಿಂದ ಬರುತ್ತಿದ್ದ ಸುರಯ್ಯಾಳ ಪರದೆಯ ಮೇಲೆ ಮಾತ್ರ, ಹೊತ್ತು ಮುಗಿದಾಗ, ಚುಕ್ಕೆಗಳೆಲ್ಲ ಇದ್ದ ಹಾಗೆಯೇ ಇದ್ದವು. ಅಂಚಿನ ಒಂದು ಗೀರನ್ನಷ್ಟೇ ಅವಳು ಸರಿಮಾಡಿದ್ದಳು. ಅವನಿಗೆ ಆವತ್ತು ಏನಾಗಿತ್ತೋ. ಬೆಳಗಿನಿಂದ ಏನೂ ತಿಂದಿರಲಿಲ್ಲವೇ? ಎಲ್ಲರೂ ಕೇಳುವ ಹಾಗೆ, "ಏನಮ್ಮ, ಮನೇಲಿ ಕಸ ಗುಡಿಸೋ ಅಭ್ಯಾಸ ಇದೆಯೋ ಇಲ್ವೋ?" ಎಂದಿದ್ದ. ತರಗತಿ ನಕ್ಕಿತ್ತು. ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಪರದೆಯನ್ನೇ ನೋಡುತ್ತಿದ್ದಳು. ಉಳಿದವರು ಹೋದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ತರಗತಿಯ ಕಂಪ್ಯೂಟರುಗಳಿಂದ ಪರೀಕ್ಷೆಯ ಫೈಲುಗಳನ್ನೆಲ್ಲ ಅಳಿಸುವ ಮೊದಲು, ಆ ಫೈಲನ್ನು ದಪ್ಪ ಫ್ಲಾಪಿಯಂಥ ಒಂದು ಝಿಪ್ ಡಿಸ್ಕಿಗೆ ಹಾಕಿ, ಮೆಟ್ಟಿಲ ಬಳಿ ಅವಳ ಕೈಗಿಟ್ಟು, "ಮನೇಲಿ ಪ್ರಾಕ್ಟೀಸ್ ಮಾಡಿ" ಎಂದಿದ್ದ. ಕಂಪನಿಯ ಚಿತ್ರಗಳು ಹೊರಗೆ ಹೋಗಕೂಡದೆಂಬ ನಿಯಮವನ್ನು ತರಗತಿಯಲ್ಲಿ ಹೇಳಿಕೊಡುವವನೂ ಅವನೇ. ಅದು ಕರುಣೆಯೆಂದು ಆಗ ಅನ್ನಿಸಿತ್ತು. ಈಗ ನೋಡಿದರೆ, ಆಡಿದ ಮಾತಿನ ಕಲೆಯನ್ನು ಬೇಗ ಒರೆಸಿಬಿಡುವ ಅವಸರ ಅಷ್ಟೇ.

ಶಿವಾಜಿನಗರದಲ್ಲಿ ಇಳಿದು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ಹುಡುಕಿಕೊಂಡು ಹೋದ. ಮದುವೆ ಕಾರ್ಡಿನ ಅಂಗಡಿ, ಅಣ್ಣನದು, ಎಂದು ಅವಳು ಸೇರುವಾಗ ಹೇಳಿದ್ದು ನೆನಪಿತ್ತು. ಹೋದ ಕಡೆಯೆಲ್ಲ ಮದುವೆ ಕಾರ್ಡಿನ ಅಂಗಡಿಗಳೇ. ಪ್ರತಿಯೊಂದರ ಮುಂದೆಯೂ ನಿಂತು ಒಳಗೆ ಇಣುಕಿ, ಗಿರಾಕಿಯೆಂದು ಕರೆದಾಗ ತಲೆಯಾಡಿಸಿ ಮುಂದೆ ಹೋಗುವುದು ಅವನಿಗೆ ಬೇಡುವವನ ಕೆಲಸದಂತೆ ಕಂಡಿತು. ಕೊನೆಗೊಂದು ಕಡೆ ಗಲ್ಲೆಯ ಹಿಂದೆ ಅವಳೇ ಕೂತಿದ್ದಳು. ಅವನನ್ನು ನೋಡಿದವಳೇ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಸರ್! ನೀವು... ಇಲ್ಲಿ?"

"ಇಲ್ಲೇ ಬಂದಿದ್ದೆ" ಎಂದ ಅಂಜನಮೂರ್ತಿ. ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡ ಮಾತೆಲ್ಲ ಎಲ್ಲೋ ಹೋಗಿತ್ತು. "ನಿಮ್ಮ ಟೆಸ್ಟು... ಅದನ್ನ ಇನ್ನೊಂದ್ ಸಲ ನೋಡೋಣ ಅಂತ."

ಹೇಳಿದ ಮೇಲೆ ಅದರ ಅರ್ಥ ಅವಳಿಗೆ ಏನಾಗಿರಬಹುದೆಂದು ಅವನಿಗೆ ಹೊಳೆಯಿತು. ಅವಳ ಮುಖ ಅರಳಿದ್ದನ್ನು ನೋಡಿ ಹೊಳೆಯಿತು. ತಿದ್ದಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಓಡಿಹೋಗಿ, "ಅಮ್ಮೀ, ಕ್ಲಾಸ್ ಕೇ ಸರ್ ಆಯೇ" ಎಂದು ಕೂಗಿಯಾಗಿತ್ತು.

ಅಂಗಡಿಯ ಹಿಂದೆಯೇ ಮನೆ. ತಾಯಿ ಜಹನಾರಾ ಪರದೆ ಸರಿಸಿಕೊಂಡು ಹೊರಗೆ ಬಂದು, "ಬೈಠೋ ಬಾವಾ, ಕೂತ್ಕೋ. ಚಾ ಪೀಕೇಚ್ ಜಾನಾ, ಹಂಗೇ ಹೋಗೋ ಹಂಗಿಲ್ಲ" ಎಂದು ಎರಡು ಭಾಷೆಯಲ್ಲೂ ಒತ್ತಾಯ ಮಾಡಿದಳು. ಪರದೆಯ ಸಂದಿಯಿಂದ ಕೋಣೆಯ ನೆಲ ಕಾಣುತ್ತಿತ್ತು. ರೆಡ್ ಆಕ್ಸೈಡಿನ ನೆಲ, ಮುಖ ಕಾಣುವಷ್ಟು ಉಜ್ಜಿದ್ದರು. ಒಂದು ಮೂಲೆಯಲ್ಲಿ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಿದ್ದರು. ಅಂಜನಮೂರ್ತಿ ಕಣ್ಣು ಆಚೆ ತಿರುಗಿಸಿದ. ಅವಳು ಆ ಮಾತನ್ನು ಮನೆಯಲ್ಲಿ ಹೇಳಿದ್ದಾಳೋ? ಹೇಳಿದ್ದರೆ ಈ ತಾಯಿ ಅವನಿಗೆ ಚಹಾ ಕೊಡುತ್ತಿದ್ದಳೇ? ಅಥವಾ ಹೇಳಿದ್ದರೂ ಕೊಡುತ್ತಿದ್ದಾಳೋ?

ಕಾರ್ಡಿನ ಕಟ್ಟುಗಳನ್ನು ಹೊತ್ತುಕೊಂಡು ಬಂದ ಅಣ್ಣ ಮಂಜೂರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓಹೋ, ನೀವೇನಾ ಸಾರ್ ನಮ್ ಹುಡುಗೀನ ಫೇಲ್ ಮಾಡ್ದೋರು? ಬನ್ನಿ ಬನ್ನಿ. ಎರಡ್ ದಿನ ಊಟ ಬಿಟ್ಟಿದ್ಲು ಗುರು ಇವ್ಳು. ನಾನಂದೆ, ಬಿಡು, ಮದ್ವೆ ಕಾರ್ಡಲ್ಲಿ ಗುಲಾಬಿ ಹೂ ಹಾಕೋಕೆ ಯಾವ್ ಪರೀಕ್ಷೆ ಬೇಕು ಅಂತ."

"ಭಾಯ್, ಚುಪ್" ಎಂದಳು ಸುರಯ್ಯಾ.

"ಏನ್ ಚುಪ್? ಅವ್ರೇ ಮನೆ ಹುಡ್ಕೊಂಡ್ ಬಂದವ್ರೆ. ಕೆಲ್ಸ ಕೊಡೋಕೆ ತಾನೆ ಬರೋದು, ಇನ್ನೇನ್ ಸಾಲ ಕೇಳೋಕೆ ಬರ್ತಾರಾ?"

ಎಲ್ಲರೂ ನಕ್ಕರು. ಅಂಜನಮೂರ್ತಿಯೂ ನಕ್ಕ. ಚಹಾ ಬಂತು, ಜೊತೆಗೆ ತಟ್ಟೆಯಲ್ಲಿ ಉಸ್ಮಾನಿಯಾ ಬಿಸ್ಕತ್ತುಗಳು. ಬಿಸ್ಕತ್ತನ್ನು ಮುರಿದು ಬಾಯಿಗಿಟ್ಟುಕೊಂಡಾಗ, ಇವರ ಬಿಸ್ಕತ್ತನ್ನು ತಿಂದ ಮೇಲೆ ಹೇಳುವುದು ಇನ್ನೂ ಕಷ್ಟವಾಗುತ್ತದೆ ಅನ್ನಿಸಿ ಉಳಿದ ಅರ್ಧವನ್ನು ತಟ್ಟೆಯ ಅಂಚಿಗಿಟ್ಟ. ಹೇಳಲೇಬೇಕೆಂದು ಏನಿದೆ? ಡಿಸ್ಕು ತೆಗೆದುಕೊಂಡು ಹೋಗುವುದು. ಹಲ್ಲುನೋವು ಕಡಿಮೆಯಾಯಿತೆಂದು ಮಧ್ಯಾಹ್ನ ಆಫೀಸಿಗೆ ಹೋಗಿ, ಭವ್ಯ ಊಟಕ್ಕೆ ಎದ್ದಾಗ ಫೈಲು ಬದಲಿಸುವುದು. ಇವಳಿಗೆ ಆಮೇಲೆ ಏನಾದರೂ ಮಾಡಬಹುದು. ಆನಂದ್ ಸರ್ ಹತ್ತಿರ ಒಂದು ಮಾತು ಹೇಳಬಹುದು. ಹಾಗೆ ಯೋಚಿಸುತ್ತಿರುವಾಗಲೇ, ಅಪರಿಚಿತ ಮನೆಯೊಂದರಲ್ಲಿ ಕೂತು ತಾನು ಒಬ್ಬ ಹುಡುಗಿಯ ಬದುಕನ್ನು ತನ್ನ ಅನುಕೂಲಕ್ಕೆ ತಕ್ಕ ಹಾಗೆ ಕತ್ತರಿಸಿ ಅಂಟಿಸುತ್ತಿದ್ದೇನೆ ಎಂದು ಅವನಿಗೆ ಕಾಣುತ್ತಲೂ ಇತ್ತು. ಕಂಡದ್ದರಿಂದ ಯೋಚನೆಯೇನೂ ನಿಲ್ಲಲಿಲ್ಲ.

"ಆ ಡಿಸ್ಕ್ ಇದೆಯಲ್ಲಮ್ಮ?" ಎಂದು ಕೇಳಿದ.

"ಇದೆ ಸರ್, ಜೋಪಾನವಾಗಿ ಇಟ್ಟಿದೀನಿ." ಗಲ್ಲೆಯ ಕೆಳಗಿನ ಡ್ರಾಯರಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಡಿಸ್ಕನ್ನು ತೆಗೆದಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ. "ಒಂದ್ ನಿಮ್ಷ ಸರ್, ನಾನೇ ತೋರಿಸ್ತೀನಿ" ಎಂದು ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಯಾರದೋ ಮದುವೆಯ ಕಾರ್ಡು ಅರ್ಧಕ್ಕೆ ನಿಂತಿತ್ತು. ಅದನ್ನು ಬದಿಗೆ ಸರಿಸಿ ಡಿಸ್ಕನ್ನು ಒಳಗೆ ತಳ್ಳಿದಳು. ಡ್ರೈವು ಕಟಕಟ ಸದ್ದು ಮಾಡಿತು. ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಬಿಚ್ಚಿಕೊಳ್ಳತೊಡಗಿತು. ಮೊದಲು ಕೊರಳೆಲುಬು, ಆಮೇಲೆ ಮೇಲಿನ ಪಕ್ಕೆಲುಬುಗಳು. ಅಂಜನಮೂರ್ತಿ ಕುರ್ಚಿಯ ಅಂಚಿಗೆ ಬಂದ. ಇನ್ನೊಂದು ಪಟ್ಟಿ. ಇನ್ನೊಂದು. ಎರಡು ಕಪ್ಪು ಶ್ವಾಸಕೋಶಗಳು ಪೂರ್ತಿ ತೆರೆದುಕೊಂಡವು. ಮಳೆ ಬಂದು ನಿಂತ ಮೇಲಿನ ರಾತ್ರಿಯ ಆಕಾಶದ ಹಾಗೆ ಶುಭ್ರವಾಗಿದ್ದವು.

"ನೋಡಿ ಸರ್" ಎಂದಳು ಸುರಯ್ಯಾ. "ಹುಡುಕಿದ್ರೂ ಒಂದು ಚುಕ್ಕೆ ಸಿಗಲ್ಲ. ದಿನಾ ಅಂಗಡಿ ಬಾಗ್ಲು ಹಾಕಿದ್ಮೇಲೆ ಕೂತು ಮಾಡಿದ್ದು. ಮೊದ್ಲು ಎಲುಬಿನ ಹತ್ರ ಎಲ್ಲಾ ಕೆಡ್ತಾ ಇತ್ತು. ಆಮೇಲೆ ನೀವು ಹೇಳ್ಕೊಟ್ಟಿದ್ದು ನೆನಪಾಯ್ತು. ಚೆನ್ನಾಗಿರೋ ಜಾಗದಿಂದ ತಗೋಬೇಕು, ಕೆಟ್ಟಿರೋ ಜಾಗದಲ್ಲಿ ಒತ್ಬೇಕು."

ಅವನು ನೋಡಿದ. ಅವನು ಮಾಡಿದ್ದಕ್ಕಿಂತ ಚೆನ್ನಾಗಿತ್ತು. ಎಲುಬಿನ ಅಂಚುಗಳಲ್ಲಿ ಅವನ ಕೈ ಎಡವಿದ್ದ ಕಡೆ ಇವಳ ಕೈ ಎಡವಿರಲಿಲ್ಲ.

"ಮೊದಲಿದ್ದದ್ದು? ಒರೆಸೋ ಮುಂಚೆ ಇದ್ದದ್ದು, ಅದು ಎಲ್ಲಿ?"

"ಅದರ ಮೇಲೇ ಸೇವ್ ಮಾಡ್ದೆ ಸರ್."

"ಬೇರೆ ಕಾಪಿ? ಈ ಕಂಪ್ಯೂಟರಲ್ಲಿ?"

"ಇದ್ರಲ್ಲಿ ಜಾಗ ಎಲ್ಲಿದೆ ಸರ್. ಎಲ್ಲಾ ಭಾಯ್‌ದು ಕಾರ್ಡುಗಳೇ." ಅವನ ಮುಖ ನೋಡಿ ಅವಳ ನಗು ಅರ್ಧಕ್ಕೆ ನಿಂತಿತು. "ಯಾಕೆ ಸರ್? ಎಲ್ಲಾದ್ರೂ ಉಳ್ಕೊಂಡಿದ್ಯಾ?"

ಚೆನ್ನಾಗಿದೆ ಎಂದು ಹೇಳಿ ಎದ್ದು ಹೋಗಬಹುದಿತ್ತು. ಆ ಮಾತು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ಮಂಜೂರ್ ಕಟ್ಟು ಬಿಚ್ಚುವುದನ್ನು ನಿಲ್ಲಿಸಿದ್ದ. ಬಾಗಿಲ ಪರದೆಯ ಹಿಂದೆ ತಾಯಿಯ ಬಳೆಯ ಸದ್ದು ನಿಂತಿತ್ತು. "ಅದು ಧೂಳಲ್ಲಮ್ಮ" ಎಂದ. "ಕಾಯಿಲೆ. ಯಾರಿಗೋ ಟೀಬಿ ಇತ್ತು, ಅದರ ಗುರುತು. ಅದನ್ನ ತೋರಿಸೋಕೇ ಆ ಎಕ್ಸ್‌ರೇ ಹಾಕಿದ್ದು. ನಾನೂ ಒರೆಸಿಬಿಟ್ಟಿದೀನಿ. ನನ್ನ ಹತ್ರ ಮೊದಲಿನದ್ದಿಲ್ಲ. ನಿಮ್ಮ ಹತ್ರ ಇರುತ್ತೆ ಅಂತ ಬಂದೆ."

ಗಲ್ಲಿಯಲ್ಲಿ ಒಂದು ಆಟೋ ಹಿಂದಕ್ಕೂ ಮುಂದಕ್ಕೂ ಹೋಗಲಾರದೆ ಹಾರನ್ನು ಹೊಡೆಯುತ್ತಿತ್ತು.

"ಹಾಗಾದ್ರೆ ಆವತ್ತು ನಾನು ಪಾಸಾಗಿದ್ನಾ ಸರ್?" ಎಂದಳು ಸುರಯ್ಯಾ.

ಅವನು ಇದಕ್ಕೆ ಸಿದ್ಧನಾಗಿರಲಿಲ್ಲ. ಹೌದು ಎನ್ನಬೇಕೆಂದು ನಾಲಿಗೆ ಎದ್ದಿತು. ಹೌದು ಎಂದರೆ ಅವಳಿಗೆ ಏನೋ ಒಂದು ವಾಪಸು ಕೊಟ್ಟಂತಾಗುತ್ತಿತ್ತು, ತನಗೂ ಕೊಟ್ಟಂತಾಗುತ್ತಿತ್ತು. "ನೀವು ಆವತ್ತು ಯಾಕೆ ಬಿಟ್ರಿ ಅದನ್ನ? ಧೂಳಲ್ಲ ಅಂತ ಅನ್ನಿಸ್ತಾ?" ಎಂದು ಆಸೆಯಿಂದ ಕೇಳಿದ.

ಅವಳು ಯೋಚಿಸಿದಳು. "ಇಲ್ಲ ಸರ್. ಗೀರು ತೆಗೆಯೋದ್ರಲ್ಲೇ ಟೈಮ್ ಆಗೋಯ್ತು. ಟೈಮ್ ಇದ್ದಿದ್ರೆ ಎಲ್ಲಾ ಒರೆಸ್ತಿದ್ದೆ."

ಮಂಜೂರ್ ತೊಡೆ ತಟ್ಟಿಕೊಂಡು ನಕ್ಕ. "ಏನ್ ಗುರು ನಿಮ್ ಪರೀಕ್ಷೆ! ಒರೆಸ್ದೇ ಇದ್ರೆ ಫೇಲು, ಒರೆಸಿದ್ರೆ ತಪ್ಪು. ಅಲ್ಲಾ ಸಾರ್, ಹಂಗಾದ್ರೆ ಇವ್ಳಿಗೆ ಕೆಲ್ಸ ಇಲ್ವಾ?" ಅಂಜನಮೂರ್ತಿ ತಲೆ ತಗ್ಗಿಸಿದ್ದನ್ನು ನೋಡಿ ಅವನ ನಗು ಮೆಲ್ಲಗೆ ಇಳಿಯಿತು. "ಇದಕ್ಕೋಸ್ಕರ ಬಂದಿದ್ದಾ ನೀವು?" ಎಂದ. ಈ ಸಲ ಗುರು ಎನ್ನಲಿಲ್ಲ, ಸಾರ್ ಎನ್ನಲಿಲ್ಲ.

ಸುರಯ್ಯಾ ಕಂಪ್ಯೂಟರಿನ ಪರದೆಯ ಕಡೆ ತಿರುಗಿದಳು. ಅವನಿಗೆ ಅವಳ ಬೆನ್ನು, ಜಡೆ ಮಾತ್ರ ಕಾಣುತ್ತಿತ್ತು. "ಯಾವಾಗ ಬೇಕು ಸರ್ ನಿಮಗೆ?"

"ಸಂಜೆ ಕೊರಿಯರ್ ಹೋಗುತ್ತೆ."

"ವಾಪಸ್ ಹಾಕಿ ಕೊಡ್ಲಾ?" ಅವಳು ಹಿಂದೆ ತಿರುಗದೆ ಹೇಳಿದಳು. "ಸಣ್ಣ ಬ್ರಷ್ ತಗೊಂಡು, ಬೆಳ್ಳಗೆ, ಸ್ವಲ್ಪ ಮಂಕಾಗಿ. ಮಧ್ಯಾಹ್ನದೊಳಗೆ ಮುಗಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ನಿಜ. ವಿದ್ಯಾರ್ಥಿ ಚುಕ್ಕೆಗಳನ್ನು ಹುಡುಕುತ್ತಾನೆ, ಚುಕ್ಕೆಗಳು ಕಾಣುತ್ತವೆ, ಕಲಿಯಬೇಕಾದ್ದನ್ನು ಕಲಿಯುತ್ತಾನೆ. ತನ್ನ ಕಣ್ಣಿಗೆ ತಾನೇ ಮೋಸ ಮಾಡಿಕೊಳ್ಳಬೇಕಾಗಿಲ್ಲ. ಆನಂದ್ ಸರ್ ಯಾರಿಗೂ ಏನೂ ಬರೆಯಬೇಕಾಗಿಲ್ಲ. ಅಂಜನಮೂರ್ತಿಗೆ ಎದೆಯ ಮೇಲಿನ ಕಲ್ಲು ಅಲುಗಿದಂತಾಯಿತು. "ಹಾಕಿ" ಎಂದ. ಆ ದನಿ ತನ್ನದೇ ಎಂದು ಒಪ್ಪಿಕೊಳ್ಳಲು ಒಂದು ಕ್ಷಣ ಹಿಡಿಯಿತು. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತ. ಅವಳು ಮೊದಲ ಚುಕ್ಕೆಯನ್ನಿಟ್ಟಳು. "ಇನ್ನೂ ಸಣ್ಣದು" ಎಂದ ಅವನು. ಅವಳು ಚಿಕ್ಕದು ಮಾಡಿದಳು. "ಅಂಚು ಅಷ್ಟು ಚೂಪಾಗಿರಬಾರದು." ಅವಳು ಮಂಕು ಮಾಡಿದಳು. ಅವಳ ಕೈ ಹಗುರವಾಗಿತ್ತು. ಎಡಗಡೆಯ ಮೇಲ್ಭಾಗದಲ್ಲಿ ಒಂದು ಹಿಡಿಯಷ್ಟು ಚುಕ್ಕೆಗಳು ಹುಟ್ಟಿಕೊಂಡವು. ಯಾವ ದೇಶದವನೋ, ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದ ಒಬ್ಬ ಮನುಷ್ಯನ ಎದೆಯಲ್ಲಿ ಶಿವಾಜಿನಗರದ ಅಂಗಡಿಯೊಂದರಿಂದ ಕಾಯಿಲೆ ಹರಡತೊಡಗಿತು. ತರಗತಿಯಲ್ಲಿ ಪಾಠ ಹೇಳುವಾಗಿನ ಹಾಗೆ ತನ್ನ ಬೆನ್ನು ನೆಟ್ಟಗಾಗಿರುವುದು, ತಾನು ಒಂದಿಷ್ಟು ಸುಖಪಡುತ್ತಿರುವುದು ಅವನ ಗಮನಕ್ಕೆ ಬಂತು.

"ಇಲ್ಲಿ ಎಷ್ಟು ದಟ್ಟ ಇತ್ತು ಸರ್?" ಸುರಯ್ಯಾ ಬ್ರಷ್ಷನ್ನು ಕೆಳಕ್ಕೆ ತಂದು ನಿಲ್ಲಿಸಿದಳು. "ಕೆಳಗೆ ಜಾಸ್ತಿ ಇತ್ತಾ, ಮೇಲೆ ಜಾಸ್ತಿ ಇತ್ತಾ?"

ಅವನು ಕಣ್ಣು ಮುಚ್ಚಿಕೊಂಡ. ಕೊಳೆಯನ್ನು ಕಾಣಬಲ್ಲ ಕಣ್ಣು. ಬೆನ್ನು ಬಗ್ಗಿಸಿ ಕೂತದ್ದು ನೆನಪಾಯಿತು, ಮೌಸಿನ ಸದ್ದು ನೆನಪಾಯಿತು, ಆನಂದ್ ಸರ್ ಕೈ ಭುಜದ ಮೇಲೆ ಬಿದ್ದದ್ದು ನೆನಪಾಯಿತು. ಒರೆಸಿದ ಮೇಲಿನ ಎದೆ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಅದರ ಹಿಂದೆ ಏನೂ ಬರಲಿಲ್ಲ. ಅಷ್ಟು ಚುಕ್ಕೆಗಳನ್ನು ಒಂದೊಂದಾಗಿ ಹಿಡಿದಿದ್ದ, ಒಂದನ್ನೂ ನೋಡಿರಲಿಲ್ಲ.

"ಸರ್? ಕೆಳಗಾ, ಮೇಲಾ?"

"ಗೊತ್ತಿಲ್ಲ."

"ನಂಗೂ ಸರಿಯಾಗಿ ನೆನಪಿಲ್ಲ. ನೀವು ಎಷ್ಟೋ ಹೊತ್ತು ಕೂತು ಮಾಡಿದ್ರಲ್ಲ ಸರ್, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ." ಅವಳ ಮಾತಿನಲ್ಲಿ ಆಪಾದನೆ ಇರಲಿಲ್ಲ. "ಪರ್ವಾಗಿಲ್ಲ, ಅಂದಾಜಿಗೆ ಹಾಕ್ತೀನಿ. ಹೇಳಿ, ಎಲ್ಲಿ ಹಾಕ್ಲಿ?"

ಪರದೆಯ ಮೇಲೆ ಬ್ರಷ್ಷಿನ ಸಣ್ಣ ವೃತ್ತ ಬಲಗಡೆಯ ಶ್ವಾಸಕೋಶದ ಮೇಲೆ ಅವನ ಅಪ್ಪಣೆಗೆ ಕಾಯುತ್ತ ನಿಂತಿತ್ತು. ಅವನು ಎಲ್ಲಿ ಎಂದರೆ ಅಲ್ಲಿ. ಎಷ್ಟು ಎಂದರೆ ಅಷ್ಟು.

"ಫೋನ್ ಇದೆಯಾ?" ಎಂದ ಅಂಜನಮೂರ್ತಿ.

ಮಂಜೂರ್ ಗಲ್ಲೆಯ ಮೇಲಿನ ಫೋನನ್ನು ಅವನ ಕಡೆ ತಳ್ಳಿದ. ಅವನು ಆಫೀಸಿನ ನಂಬರು ಒತ್ತಿದ. ಆನಂದ್ ಸರ್ ತಾವೇ ಎತ್ತಿಕೊಂಡರು.

"ಸರ್, ಅಂಜನಮೂರ್ತಿ. ಕೊರಿಯರ್ ನಿಲ್ಸಿ ಸರ್. ಒಂದು ಪ್ಲೇಟ್ ನಾನು ಹಾಳು ಮಾಡಿದೀನಿ." ಒಂದೇ ಉಸಿರಿಗೆ ಹೇಳಿದ. ಯಾವ ಪ್ಲೇಟು, ಏನು ಒರೆಸಿದ್ದು, ನಿನ್ನೆ ಭವ್ಯಳಿಗೆ ಏನು ಹೇಳಿದ್ದು.

"ಹಳೇ ಸ್ಕ್ಯಾನ್ ಯಾರ ಹತ್ರಾನಾದ್ರೂ ಇದ್ಯೇನ್ರೀ?" ಎಂದರು ಆನಂದ್ ಸರ್. ಅವರು ಡಾಕ್ಟ್ರೇ ಎನ್ನಲಿಲ್ಲ.

"ಯಾರ ಹತ್ರಾನೂ ಇಲ್ಲ ಸರ್."

"ಸರಿಯಾಗಿ ಯೋಚನೆ ಮಾಡಿ ಹೇಳಿ. ಆ ಟೆಸ್ಟ್ ಕೊಟ್ಟಿದ್ರಲ್ಲ ಕ್ಲಾಸಲ್ಲಿ, ಆ ಫೈಲು?"

ಅವನು ಸುರಯ್ಯಾಳ ಕಡೆ ನೋಡಿದ. ಅವಳಿಗೆ ಆ ಕಡೆಯ ಮಾತು ಕೇಳಿಸಿತೋ ಇಲ್ಲವೋ. ಅವಳು ಚಿತ್ರವನ್ನು ಮುಚ್ಚುತ್ತಿದ್ದಳು. ಬದಲಾವಣೆಯನ್ನು ಉಳಿಸಬೇಕೇ ಬೇಡವೇ ಎಂದು ಕಂಪ್ಯೂಟರು ಕೇಳಿತು. "ಉಳಿಸ್ಲಾ?" ಎನ್ನುವ ಹಾಗೆ ಅವಳು ಹುಬ್ಬೇರಿಸಿದಳು. ಅವನು ತನಗೆ ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಬೇರೆಯದಿತ್ತು. ಅವಳ ಹೆಸರು ಹೇಳಿದರೆ ಆ ಕಂಪನಿಯ ಬಾಗಿಲು ಅವಳಿಗೆ ಮುಚ್ಚಿಹೋಗುತ್ತದೆ, ಹೇಳದಿದ್ದರೆ ತಪ್ಪೊಪ್ಪಿಗೆಯ ನಡುವೆಯೂ ಒಂದು ಜಾಗ ಒರೆಸಿದ ಹಾಗಾಗುತ್ತದೆ.

"ಅದೂ ಇಲ್ಲ ಸರ್" ಎಂದ. "ಅದನ್ನೂ ನಾನೇ ಹೇಳಿ ಒರೆಸೋ ಹಾಗೆ ಮಾಡ್ದೆ."

"ಏನ್ರೀ ಹಂಗಂದ್ರೆ? ಎಲ್ಲಿಂದ ಮಾತಾಡ್ತಿದೀರಾ ನೀವು?"

ಸುರಯ್ಯಾ ಬೇಡ ಎಂಬುದನ್ನು ಒತ್ತಿ, ಡಿಸ್ಕನ್ನು ಹೊರಗೆಳೆದು ಗಲ್ಲೆಯ ಮೇಲೆ ಅವನ ಕಡೆಗಿಟ್ಟಳು. ಕರವಸ್ತ್ರವನ್ನು ತಾನೇ ಇಟ್ಟುಕೊಂಡಳು. ಆಮೇಲೆ ಮದುವೆ ಕಾರ್ಡನ್ನು ಮತ್ತೆ ಪರದೆಗೆ ತಂದು, ವರನ ಹೆಸರಿನ ಕೆಳಗೆ ಗುಲಾಬಿಯನ್ನು ಅತ್ತಿತ್ತ ಸರಿಸುತ್ತ ಜಾಗ ಹುಡುಕತೊಡಗಿದಳು.

"ಶಿವಾಜಿನಗರದಿಂದ ಸರ್" ಎಂದ ಅಂಜನಮೂರ್ತಿ. "ಬರ್ತಾ ಇದೀನಿ."